ದುಡಿಯುತ್ತಾ ಪದವಿ ಪಡೆಯುವ ಅಪ್ರೆಂಟಿಸ್ ತರಬೇತಿ



ಬೀಜೋಪಚಾರ, ಗೊಬ್ಬರದ ಗುಂಡಿ, ದನಕರುಗಳ ಚುಚ್ಚುಮದ್ದು ಮುಂತಾದ ಪಾಠಗಳನ್ನು ಈ ಪತ್ರಿಕೆಯಲ್ಲಿ ಓದುತ್ತಾ ಬಂದಿರುವ ನಿಮಗೆ ಈ ಸಲದ ವಿಷಯ ಸ್ವಲ್ಪ ಬೇರೆಯಾಗಿ ಕಂಡೀತು. ಆದರೆ ಪಿಯುಸಿ ಫಲಿತಾಂಶ ಬಂದ ದಿನ ನಿಮ್ಮ ಮನೆಯ ಜಗಲಿಯ ಮೇಲೆ ಯಾವ ಮಾತು ನಡೆಯುತ್ತದೆ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಹುಡುಗನೋ ಹುಡುಗಿಯೋ ಕಂಪ್ಯೂಟರ್ ಓದಬೇಕೆಂದು ಹಟ ಹಿಡಿದಿರುತ್ತದೆ. ಇಂಜಿನಿಯರಿಂಗ್ ಕಾಲೇಜಿನ ಫೀಸು, ಹಾಸ್ಟೆಲಿನ ಖರ್ಚು, ನಾಲ್ಕು ವರ್ಷದ ಬಸ್ ಚಾರ್ಜು ಎಲ್ಲವನ್ನೂ ಕೂಡಿಸಿ ನೋಡಿದರೆ ಫಸಲು ಮಾರಿದ ದುಡ್ಡು ಒಂದು ಮೂಲೆಗೂ ಸಾಲದು. ಅಜ್ಜ ಕೆರೆ ಹಿಂದಿನ ಎರಡೆಕರೆಯ ಮಾತೆತ್ತುತ್ತಾರೆ. ಅಜ್ಜಿ ಎದ್ದು ಒಳಗೆ ಹೋಗಿಬಿಡುತ್ತಾರೆ. ಅಷ್ಟರಲ್ಲಿ ಯಾರೋ ಬಂದು, "ಕಂಪನಿಯವರೇ ಸಂಬಳ ಕೊಟ್ಟು ಡಿಗ್ರಿ ಓದಿಸುತ್ತಾರಂತೆ" ಎಂಬ ಸುದ್ದಿ ಹೇಳುತ್ತಾರೆ.

ಈ ಸುದ್ದಿ ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ ನಿಜ? ಅದಕ್ಕೆ ತೆರಬೇಕಾದ ಬೆಲೆ ಏನು? ಜಮೀನಿನ ಮಾತಿಗೆ ಮುನ್ನ ತಿಳಿದಿರತಕ್ಕ ಸಂಗತಿಗಳು ಇವು.

ಕುಲುಮೆಯ ಕಲಿಕೆ

ಕಮ್ಮಾರರ ಕುಲುಮೆಯಲ್ಲಿ ತಿದಿ ಒತ್ತಲು ಕೂತ ಹುಡುಗನನ್ನು ನೀವೆಲ್ಲ ನೋಡಿದ್ದೀರಿ. ಮೊದಲು ತಿದಿ, ಆಮೇಲೆ ಇಕ್ಕಳ ಹಿಡಿಯುವುದು, ಆಮೇಲೆ ಸಣ್ಣ ಸುತ್ತಿಗೆ. ಹೀಗೆ ಕೆಲವು ವರ್ಷ ಕಳೆಯುವಷ್ಟರಲ್ಲಿ ಅವನು ತಾನೇ ಗುಳ ತಟ್ಟಬಲ್ಲ. ದುಡಿಯುತ್ತಾ ಕಲಿಯುವ ಈ ಪದ್ಧತಿಗೆ ಇಂಗ್ಲಿಷಿನವರು ಅಪ್ರೆಂಟಿಸ್‌ಶಿಪ್ ಎನ್ನುತ್ತಾರೆ. ನಮ್ಮಲ್ಲಿ ಉಮೇದುವಾರಿಕೆ ಎಂದು ಕರೆಯುವುದುಂಟು. ಈ ಕಲಿಕೆಯಲ್ಲಿ ಒಂದೇ ಒಂದು ಕೊರತೆಯಿತ್ತು. ಎಷ್ಟೇ ಚೆನ್ನಾಗಿ ಕಲಿತರೂ ಕೈಗೊಂದು ಕಾಗದ ಸಿಕ್ಕುತ್ತಿರಲಿಲ್ಲ. ಕಾಲೇಜಿಗೆ ಹೋದವನಿಗೆ ಕಾಗದ ಸಿಕ್ಕಿತು, ಆದರೆ ಕೈಗೆ ಕೆಲಸ ಹತ್ತಲಿಲ್ಲ.

ಈ ಎರಡನ್ನೂ ಒಟ್ಟಿಗೆ ಕಟ್ಟುವ ಏರ್ಪಾಡನ್ನು ಇಂಗ್ಲೆಂಡಿನವರು ೨೦೧೫ರಲ್ಲಿ ಆರಂಭಿಸಿದರು. ಅದಕ್ಕೆ ಡಿಗ್ರಿ ಅಪ್ರೆಂಟಿಸ್‌ಶಿಪ್ ಎಂದು ಹೆಸರು. ಮೊದಲು ಶುರುವಾದ ವಿಷಯಗಳಲ್ಲಿ ಕಂಪ್ಯೂಟರ್ ಕೆಲಸವೂ ಒಂದು. ಹುಡುಗ ಅಥವಾ ಹುಡುಗಿ ಹದಿನೆಂಟರ ಸುಮಾರಿಗೆ ಶಾಲೆ ಮುಗಿಸಿ ನೇರವಾಗಿ ಕಂಪನಿಗೆ ಅರ್ಜಿ ಹಾಕಬೇಕು. ಆರಿಸಿಕೊಳ್ಳುವವರು ಕಂಪನಿಯವರು, ಹೆಸರು ದಾಖಲು ಮಾಡಿಕೊಳ್ಳುವುದು ವಿಶ್ವವಿದ್ಯಾನಿಲಯ. ಮೊದಲ ದಿನದಿಂದಲೇ ಸಂಬಳ. ಮೂರು ನಾಲ್ಕು ವರ್ಷಗಳಾದ ಮೇಲೆ ಕೈಯಲ್ಲಿ ಬಿ.ಎಸ್ಸಿ. ಪದವಿ, ಜೊತೆಗೆ ಅಷ್ಟೇ ವರ್ಷದ ಕೆಲಸದ ಅನುಭವ. ಐಬಿಎಂ, ಕ್ಯಾಪ್‌ಜೆಮಿನಿ, ಅಕ್ಸೆಂಚರ್, ಟೆಲಿಫೋನ್ ಕಂಪನಿ ಬಿಟಿ ಇವೆಲ್ಲ ಹೀಗೆ ಹುಡುಗರನ್ನು ತೆಗೆದುಕೊಂಡ ಕಂಪನಿಗಳು. ಮೊದಲ ಮೂರರ ಹೆಸರನ್ನು ಬೆಂಗಳೂರಿನ ಕಟ್ಟಡಗಳ ಮೇಲೂ ನೀವು ಕಾಣಬಹುದು.

ಫೀಸು ಯಾರು ಕೊಡುತ್ತಾರೆ? ಇದೇ ಮುಖ್ಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ೨೦೧೨ರಿಂದ ವಿಶ್ವವಿದ್ಯಾನಿಲಯಗಳು ವರ್ಷಕ್ಕೆ ೯,೦೦೦ ಪೌಂಡಿನವರೆಗೆ ಶುಲ್ಕ ಪಡೆಯಬಹುದಾಯಿತು. ಮೂರು ವರ್ಷಕ್ಕೆ ೨೭,೦೦೦ ಪೌಂಡು. ಅಲ್ಲಿನ ತಂದೆತಾಯಿಗಳಿಗೂ ಅದು ಹಗುರವಾದ ಹೊರೆಯಲ್ಲ. ಮಕ್ಕಳು ಸಾಲ ಮಾಡಿ ಓದಿದರು. ಅಪ್ರೆಂಟಿಸ್ ಆದವನು ಮಾತ್ರ ಈ ಶುಲ್ಕದಲ್ಲಿ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ೨೦೧೭ರ ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರ ದೊಡ್ಡ ಕಂಪನಿಗಳ ಮೇಲೆ ಒಂದು ತೆರಿಗೆ ಹಾಕಿತು. ವರ್ಷಕ್ಕೆ ೩೦ ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಬಟವಾಡೆ ಮಾಡುವ ಕಂಪನಿ, ಆ ಹೆಚ್ಚಿನ ಮೊತ್ತದ ಮೇಲೆ ನೂರಕ್ಕೆ ಅರ್ಧ ಪೌಂಡಿನಂತೆ ತೆರಿಗೆ ಕಟ್ಟಬೇಕು. ಆ ಹಣವನ್ನು ಅಪ್ರೆಂಟಿಸರನ್ನು ಓದಿಸಲು ಅದೇ ಕಂಪನಿ ಬಳಸಿಕೊಳ್ಳಬಹುದು. ಬಳಸದಿದ್ದರೆ ಹಣ ಕೈಬಿಟ್ಟು ಹೋಯಿತು. ಕಾಲುವೆಗೆ ನೀರು ಬಿಟ್ಟ ದಿನ ತೂಬು ತೆಗೆಯದವನ ಗದ್ದೆಯ ಹಾಗೆ. ಕಂಪನಿಗಳು ಧರ್ಮಕ್ಕೆ ಓದಿಸುತ್ತಿಲ್ಲ ಎಂಬುದನ್ನು ಗಮನದಲ್ಲಿಡಿ. ಓದಿಸಿದರೆ ಅವರಿಗೂ ಲಾಭವಿದೆ. ಅದರಲ್ಲಿ ತಪ್ಪೇನೂ ಇಲ್ಲ.

ಅಲ್ಲಿ ಕಲಿಯುವ ಕೆಲಸ ಯಾವುದು?

"ಸಾಫ್ಟ್‌ವೇರ್ ಎಂದರೆ ಏನಪ್ಪಾ ಮಾಡುವುದು?" ಎಂದು ಮಗನನ್ನು ಕೇಳಿ ಸರಿಯಾದ ಉತ್ತರ ಸಿಕ್ಕದೆ ಸುಮ್ಮನಾದ ತಂದೆಯರು ಬಹಳ ಮಂದಿ. ಒಂದು ಉದಾಹರಣೆಯಿಂದ ತಿಳಿಯೋಣ.

ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳು ೨೦೦೨ರ ಹೊತ್ತಿಗೆ ಕಂಪ್ಯೂಟರಿಗೆ ಸೇರಿದುದು ನಿಮಗೆ ಗೊತ್ತಿದೆ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿ ಬರೆಯುತ್ತಾರೆ. ಒಬ್ಬ ರೈತನಿಗೆ ಒಂದು ಕಡೆ ೨ ಎಕರೆ ೩೦ ಗುಂಟೆ, ಇನ್ನೊಂದು ಕಡೆ ೧ ಎಕರೆ ೨೫ ಗುಂಟೆ ಇದೆಯೆಂದು ಭಾವಿಸಿ. ಎರಡನ್ನೂ ಕೂಡಿಸುವ ಲೆಕ್ಕವನ್ನು ಕಂಪ್ಯೂಟರಿಗೆ ಹೇಳಿಕೊಡಲು ಹೊಸ ಹುಡುಗನೊಬ್ಬನಿಗೆ ಒಪ್ಪಿಸಿದರು. ಅವನು ೨.೩೦ಕ್ಕೆ ೧.೨೫ ಕೂಡಿಸಿ ೩.೫೫ ಬರುವಂತೆ ಬರೆದ. ಯಂತ್ರ ಕಣ್ಣು ಮಿಟುಕಿಸದೆ "೩ ಎಕರೆ ೫೫ ಗುಂಟೆ" ಎಂದು ಅಚ್ಚು ಹಾಕಿತು!

ನೀವು ನಗುತ್ತೀರಿ. ನಲವತ್ತು ಗುಂಟೆಗೆ ಒಂದೆಕರೆ ಎಂಬುದು ನಿಮ್ಮ ಮನೆಯ ಮಗುವಿಗೂ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ; ಹೇಳಿದಷ್ಟೇ ಮಾಡುತ್ತದೆ. ಸರಿಯಾದ ದಾರಿ ಏನೆಂದರೆ, ಎರಡನ್ನೂ ಮೊದಲು ಗುಂಟೆಗೆ ಇಳಿಸಬೇಕು. ಒಂದು ೧೧೦ ಗುಂಟೆ, ಇನ್ನೊಂದು ೬೫ ಗುಂಟೆ, ಒಟ್ಟು ೧೭೫. ಇದನ್ನು ನಲವತ್ತರಿಂದ ಭಾಗಿಸಿದರೆ ೪ ಎಕರೆ, ಉಳಿದದ್ದು ೧೫ ಗುಂಟೆ. ಹೀಗೆ ಮಾಡೆಂದು ಯಂತ್ರಕ್ಕೆ ಅದರ ಭಾಷೆಯಲ್ಲಿ ಬರೆದುಕೊಡುವುದೇ ಪ್ರೋಗ್ರಾಂ ಬರೆಯುವುದು. ಅಂಥ ಸಾವಿರಾರು ಬರವಣಿಗೆಗಳು ಕೂಡಿದ ಗಂಟೇ ಸಾಫ್ಟ್‌ವೇರ್.

ಕಂಪನಿಯಲ್ಲಿ ಕಲಿಕೆ ಇಲ್ಲಿಂದ ಮುಂದೆ ಶುರುವಾಗುತ್ತದೆ. ಹುಡುಗ ಬರೆದದ್ದನ್ನು ನೇರವಾಗಿ ಬಳಕೆಗೆ ಬಿಡುವುದಿಲ್ಲ. ಅನುಭವಸ್ಥರೊಬ್ಬರು ಒಂದೊಂದು ಸಾಲನ್ನೂ ಓದಿ ಪ್ರಶ್ನೆ ಕೇಳುತ್ತಾರೆ. ಗುಂಟೆಯ ಕೆಳಗೆ ಆಣೆ ಇದೆಯಲ್ಲ, ಹದಿನಾರು ಆಣೆಗೆ ಒಂದು ಗುಂಟೆ, ಅದನ್ನೇಕೆ ಬಿಟ್ಟೆ? ಯಾರಾದರೂ ತಪ್ಪಿ ೪೫ ಗುಂಟೆ ಎಂದು ತುಂಬಿಸಿದರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ? ಖರಾಬು ಕಳೆಯುವುದನ್ನು ಎಲ್ಲಿ ಬರೆದೆ? ಇದಕ್ಕೆ ಕೋಡ್ ರಿವ್ಯೂ ಎಂದು ಹೆಸರು. ಆಮೇಲೆ ಸರಿಯುತ್ತರ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಪರೀಕ್ಷೆ ಮಾಡುತ್ತಾರೆ. ಯಾರು, ಯಾವ ದಿನ, ಯಾವ ಸಾಲನ್ನು ತಿದ್ದಿದರು ಎಂಬುದೆಲ್ಲ ದಾಖಲೆಯಾಗುತ್ತದೆ. ಹಳೆಯದಕ್ಕೆ ಹಿಂದಿರುಗಬೇಕಾದರೆ ಹಿಂದಿರುಗಬಹುದು. ಶಾನುಭೋಗರ ಕಾಲದಲ್ಲಿ ಇಂಥ ದಾಖಲೆ ಇದ್ದಿದ್ದರೆ ಎಷ್ಟು ವ್ಯಾಜ್ಯ ಉಳಿಯುತ್ತಿತ್ತೋ!

ಇಲ್ಲೊಂದು ಮಾತು. ಆಣೆ, ಗುಂಟೆ, ಖರಾಬಿನ ಪ್ರಶ್ನೆ ಪಟ್ಟಣದಲ್ಲಿ ಬೆಳೆದ ಹುಡುಗನಿಗೆ ಹೊಳೆಯುವುದು ಕಷ್ಟ. ಹೊಲದ ಬದುವಿನ ಮೇಲೆ ನಡೆದ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಹಳ್ಳಿಯ ಮಕ್ಕಳಿಗೆ ಈ ವಿದ್ಯೆ ಹತ್ತುವುದಿಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಗಣಿತ ಗಟ್ಟಿಯಾಗಿರಬೇಕು, ಇಂಗ್ಲಿಷಿನಲ್ಲಿ ಓದಿ ಬರೆದು ತಿಳಿಯುವಷ್ಟು ಶಕ್ತಿಯಿರಬೇಕು, ತಪ್ಪು ತೋರಿಸಿದರೆ ಮುಖ ಬಾಡಬಾರದು. ಈ ಮೂರರಲ್ಲಿ ಕೊನೆಯದೇ ಕಷ್ಟ.

ವಾರ ಕಳೆಯುವ ಬಗೆ

ಇಂಗ್ಲೆಂಡಿನ ಅಪ್ರೆಂಟಿಸನ ವಾರ ಸಾಮಾನ್ಯವಾಗಿ ಹೀಗಿರುತ್ತದೆ. ನಾಲ್ಕು ದಿನ ಕಚೇರಿ, ಒಂದು ದಿನ ಪಾಠ. ಕೆಲವು ಕಂಪನಿಗಳು ದಿನದ ಲೆಕ್ಕ ಬಿಟ್ಟು, ಒಂದೆರಡು ವಾರ ಒಟ್ಟಿಗೆ ವಿಶ್ವವಿದ್ಯಾನಿಲಯಕ್ಕೆ ಕಳುಹಿಸುತ್ತವೆ. ದುಡಿಮೆಯ ವೇಳೆಯಲ್ಲಿ ಐದರಲ್ಲಿ ಒಂದು ಪಾಲನ್ನು ಕಲಿಕೆಗೇ ಮೀಸಲಿಡಬೇಕೆಂದು ೨೦೧೭ರ ನಿಯಮ ಹೇಳಿತು. ೨೦೨೨ರಲ್ಲಿ ಅದನ್ನು ವಾರಕ್ಕೆ ಕನಿಷ್ಠ ೬ ಗಂಟೆ ಎಂದು ಮಾಡಿದರು. ಈ ವೇಳೆಗೂ ಸಂಬಳ ಉಂಟು. ಇದನ್ನು ಗಟ್ಟಿಯಾಗಿ ಗಮನಿಸಿ. ಕಲಿಕೆಯ ವೇಳೆಯನ್ನು ಕೆಲಸದ ವೇಳೆಯಿಂದಲೇ ಕೊಡತಕ್ಕದ್ದು, ಹುಡುಗನ ನಿದ್ದೆಯಿಂದಲ್ಲ ಎಂಬುದು ಆ ನಿಯಮದ ಅರ್ಥ.

ಹಾಗೆಂದ ಮಾತ್ರಕ್ಕೆ ಎಲ್ಲ ಓದೂ ಆ ಒಂದು ದಿನದಲ್ಲಿ ಮುಗಿಯುವುದಿಲ್ಲ. ವಿಶ್ವವಿದ್ಯಾನಿಲಯ ಕೊಟ್ಟ ಬರಹದ ಕೆಲಸ, ಪರೀಕ್ಷೆ ಇವೆಲ್ಲ ಸಂಜೆಗೂ ಭಾನುವಾರಕ್ಕೂ ಹರಿಯುತ್ತವೆ. ಜೊತೆಯ ಗೆಳೆಯರು ಕಾಲೇಜಿನ ಬೇಸಿಗೆ ರಜೆಯಲ್ಲಿ ಊರು ಸುತ್ತುವಾಗ ಅಪ್ರೆಂಟಿಸನಿಗೆ ಕಚೇರಿಯಲ್ಲಿ ಕೆಲಸ. ನೌಕರನಿಗೆ ಎಷ್ಟು ರಜೆಯೋ ಅಷ್ಟೇ.

ಕೆಲವು ತಿಂಗಳಿಗೊಮ್ಮೆ ಅಪ್ರೆಂಟಿಸ್, ಅವನ ಮೇಲಧಿಕಾರಿ, ವಿಶ್ವವಿದ್ಯಾನಿಲಯದ ಶಿಕ್ಷಕ ಈ ಮೂವರೂ ಕೂತು ಎಷ್ಟು ಕಲಿತ, ಎಲ್ಲಿ ಹಿಂದೆ ಬಿದ್ದ ಎಂದು ನೋಡುತ್ತಾರೆ. ಕೊನೆಯ ವರ್ಷ ಕಚೇರಿಯ ನಿಜವಾದ ಒಂದು ಸಮಸ್ಯೆಯನ್ನು ಎತ್ತಿಕೊಂಡು ಪರಿಹರಿಸಿ, ವರದಿ ಬರೆದು, ಪರೀಕ್ಷಕರ ಮುಂದೆ ವಿವರಿಸಬೇಕು. ಪುಸ್ತಕ ಉರುಹೊಡೆದು ಇದರಲ್ಲಿ ಪಾಸಾಗಲು ಬರುವುದಿಲ್ಲ.

ಸಂಬಳದ ಮಾತು. ಅಪ್ರೆಂಟಿಸರಿಗೆ ಕೊಡಲೇಬೇಕಾದ ಕನಿಷ್ಠ ಕೂಲಿಯನ್ನು ೨೦೨೫ರ ಏಪ್ರಿಲಿನಲ್ಲಿ ಗಂಟೆಗೆ ೭.೫೫ ಪೌಂಡು ಎಂದು ಗೊತ್ತುಮಾಡಿದ್ದರು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಇದಕ್ಕಿಂತ ಹೆಚ್ಚು ಕೊಡುವುದು ವಾಡಿಕೆ. ಮಧ್ಯದಲ್ಲಿ ಬಿಟ್ಟುಹೋದರೂ ಓದಿಸಿದ ಖರ್ಚನ್ನು ವಾಪಸು ಕೊಡೆಂದು ಅಪ್ರೆಂಟಿಸನನ್ನು ಕೇಳುವ ಹಾಗಿಲ್ಲ ಎಂಬ ನಿಯಮವೂ ಅಲ್ಲಿದೆ. ಇದು ಬಹು ಮುಖ್ಯವಾದದ್ದು. ಏಕೆಂದರೆ ನಮ್ಮಲ್ಲಿ ಪರಿಸ್ಥಿತಿ ಬೇರೆ. ಅದನ್ನು ಮುಂದೆ ನೋಡೋಣ.

ಹಾಗಾದರೆ ನಿಮ್ಮ ಮಗುವನ್ನು ಇಂಗ್ಲೆಂಡಿಗೇ ಕಳುಹಿಸಬಹುದೇ? ಸಾಧ್ಯವಿಲ್ಲ. ಈ ಏರ್ಪಾಡು ಅಲ್ಲಿ ನೆಲೆಸಿ, ಕೆಲಸ ಮಾಡುವ ಹಕ್ಕು ಪಡೆದವರಿಗೆ ಮಾತ್ರ. ವಿದ್ಯಾರ್ಥಿ ವೀಸಾ ಪಡೆದು ಹೋದವರೂ ಇದಕ್ಕೆ ಸೇರುವ ಹಾಗಿಲ್ಲ. ಆದುದರಿಂದ "ಲಂಡನ್ನಿನಲ್ಲಿ ಅಪ್ರೆಂಟಿಸ್ ಕೆಲಸ ಕೊಡಿಸುತ್ತೇನೆ, ಡಿಗ್ರಿ ಉಚಿತ, ಈಗ ಇಷ್ಟು ಲಕ್ಷ ಕಟ್ಟಿ" ಎಂದು ಯಾರಾದರೂ ತಾಲ್ಲೂಕು ಕೇಂದ್ರದಲ್ಲಿ ಅಂಗಡಿ ತೆರೆದರೆ, ಅವನಿಗೆ ಒಂದು ಲೋಟ ಟೀ ಕುಡಿಸುವ ಖರ್ಚನ್ನೂ ಮಾಡಬೇಡಿ.

ನಮ್ಮ ದೇಶದಲ್ಲಿರುವ ದಾರಿಗಳು

ಅಪ್ರೆಂಟಿಸ್ ಕಾಯಿದೆ ನಮ್ಮಲ್ಲಿ ೧೯೬೧ರಷ್ಟು ಹಿಂದೆಯೇ ಬಂದಿದೆ. ಆಗ ಅದು ಫಿಟ್ಟರು, ಟರ್ನರು ಮೊದಲಾದ ಕಾರ್ಖಾನೆ ಕೆಲಸಗಳಿಗೆ ಮೀಸಲಾಗಿತ್ತು. ೧೯೭೩ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಓದಿದವರೂ, ೨೦೧೪ರ ತಿದ್ದುಪಡಿಯಿಂದ ಬೇರೆ ಪದವಿ ಓದಿದವರೂ ಇದರೊಳಗೆ ಬಂದರು. ೩೦ ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಬಲದಲ್ಲಿ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು ೨೦೧೯ರ ನಿಯಮ ಗೊತ್ತುಮಾಡಿತು. ತಿಂಗಳ ಭತ್ಯೆ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ೭,೦೦೦, ಡಿಪ್ಲೊಮಾದವರಿಗೆ ೮,೦೦೦, ಪದವೀಧರರಿಗೆ ೯,೦೦೦ ರೂಪಾಯಿಗೆ ಕಡಿಮೆಯಿರಬಾರದು ಎಂದೂ ಅದೇ ನಿಯಮ ಹೇಳಿತು. ಬೆಂಗಳೂರಿನ ಬಾಡಿಗೆಯ ಮುಂದೆ ಇದು ಬಹಳ ದೊಡ್ಡ ಮೊತ್ತವಲ್ಲ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಈ ಕಾಯಿದೆಯಲ್ಲಿ ಎರಡು ಅಂಶಗಳನ್ನು ತಂದೆತಾಯಿಗಳು ಮರೆಯಬಾರದು. ಒಂದನೆಯದು, ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಉಂಟು, ಆದರೆ ಕಾರ್ಮಿಕರ ಎಲ್ಲ ಹಕ್ಕುಗಳೂ ಇಲ್ಲ. ಎರಡನೆಯದು, ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಬಂಧನ ಕಂಪನಿಗೆ ಇಲ್ಲ. ಒಪ್ಪಂದದಲ್ಲಿಯೇ ಬರೆದಿದ್ದರೆ ಮಾತು ಬೇರೆ.

ಈ ಕಾಯಿದೆಯ ತರಬೇತಿಯಿಂದ ತಾನಾಗಿ ಪದವಿ ಬರುವುದಿಲ್ಲ. ಪದವಿಯನ್ನೂ ದುಡಿಮೆಯನ್ನೂ ಸೇರಿಸುವ ದಾರಿಗಳು ಬೇರೆ ಇವೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ ೨೦೨೦ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ, ಪದವಿಯ ಓದಿನೊಳಗೇ ಒಂದು ಸೆಮಿಸ್ಟರಿಗೆ ಕಡಿಮೆಯಿಲ್ಲದಷ್ಟು ಕಾಲ ಅಪ್ರೆಂಟಿಸ್ ತರಬೇತಿ ಸೇರಿಸಲು ಕಾಲೇಜುಗಳಿಗೆ ಅವಕಾಶ ಕೊಟ್ಟಿತು. ಇಲ್ಲಿ ಹುಡುಗ ಸೇರುವುದು ಕಾಲೇಜಿಗೆ. ಕಾಲೇಜು ಕಂಪನಿಗೆ ಕಳುಹಿಸುತ್ತದೆ. ಬಿ.ಸಿ.ಎ. ಅಥವಾ ಬಿ.ಎಸ್ಸಿ.ಗೆ ಸೇರಿಸುವಾಗ "ನಿಮ್ಮಲ್ಲಿ ಇಂಥ ತರಬೇತಿ ಉಂಟೇ, ಯಾವ ಕಂಪನಿಯೊಡನೆ, ಹೋದ ವರ್ಷ ಎಷ್ಟು ಮಂದಿ ಹೋದರು?" ಎಂದು ಪ್ರಿನ್ಸಿಪಾಲರನ್ನು ಕೇಳುವುದಕ್ಕೆ ಸಂಕೋಚಪಡಬೇಡಿ.

ಇನ್ನೊಂದು, ಕಂಪನಿಗಳು ತಾವೇ ಮಾಡಿಕೊಂಡ ಏರ್ಪಾಡು. ಇದು ಇಂಗ್ಲೆಂಡಿಗಿಂತ ಹಳೆಯದು ಎಂಬುದು ನಮಗೆ ಹೆಮ್ಮೆಯ ಸಂಗತಿ. ರಾಜಸ್ತಾನದ ಪಿಲಾನಿಯ ಬಿಟ್ಸ್ ಸಂಸ್ಥೆ ದುಡಿಯುವವರಿಗೆ ಓದಿಸುವ ವಿಭಾಗವನ್ನು ೧೯೭೯ರಲ್ಲಿಯೇ ತೆರೆಯಿತು. ಬೆಂಗಳೂರಿನ ವಿಪ್ರೋ ಕಂಪನಿ ೧೯೯೫ರಲ್ಲಿ ಆ ಸಂಸ್ಥೆಯೊಡನೆ ಸೇರಿ, ಬಿ.ಎಸ್ಸಿ. ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು, ದುಡಿಯುತ್ತಲೇ ಸ್ನಾತಕೋತ್ತರ ಪದವಿ ಪಡೆಯುವ ಯೋಜನೆ ಆರಂಭಿಸಿತು. ಇಂಜಿನಿಯರಿಂಗ್ ಸೀಟು ಕೊಳ್ಳಲಾರದೆ ಊರಿನ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವರಿಗೆ ಈ ಬಾಗಿಲು ದೊಡ್ಡ ಉಪಕಾರ ಮಾಡಿತು. ಎಚ್‌ಸಿಎಲ್ ಟೆಕ್ ಕಂಪನಿಯ ಟೆಕ್‌ಬೀ ಎಂಬ ಯೋಜನೆಯಲ್ಲಿ ಗಣಿತ ಓದಿ ಹನ್ನೆರಡನೆಯ ತರಗತಿ ಮುಗಿಸಿದವರನ್ನೇ ತೆಗೆದುಕೊಂಡಿದ್ದಾರೆ. ಸುಮಾರು ಒಂದು ವರ್ಷ ತರಬೇತಿ, ಆಮೇಲೆ ಕೆಲಸ, ಕೆಲಸದ ಜೊತೆಗೆ ಪದವಿಯ ಓದು. ಇಂಗ್ಲೆಂಡಿನ ಪದ್ಧತಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದು. ಆದರೆ ಇದರಲ್ಲಿ ತರಬೇತಿ ಶುಲ್ಕವನ್ನು ಅಭ್ಯರ್ಥಿಯಿಂದ ಪಡೆದದ್ದುಂಟು. ಶುಲ್ಕ, ಅಂಕದ ಮಿತಿ, ಭತ್ಯೆ ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹೋದ ವರ್ಷ ಸೇರಿದ ಪಕ್ಕದೂರಿನ ಹುಡುಗನ ಮಾತನ್ನೇ ನಂಬದೆ ಈ ವರ್ಷದ ಪ್ರಕಟಣೆಯನ್ನು ಕಂಪನಿಯ ಸ್ವಂತ ಜಾಲತಾಣದಲ್ಲಿಯೇ ಓದಿಸಿ ನೋಡಿರಿ.

ಬಾಂಡು ಎಂಬ ಕಾಗದ

ಕಂಪನಿ ಓದಿಸಿದರೆ ಓದು ಮುಗಿದ ಮರುದಿನವೇ ಹುಡುಗ ಬೇರೆ ಕಡೆ ಹಾರಿಹೋಗಬಾರದೆಂದು ಅದು ಬಯಸುತ್ತದೆ. ಅದಕ್ಕಾಗಿ ಇಷ್ಟು ವರ್ಷ ಕೆಲಸ ಮಾಡುತ್ತೇನೆ, ಇಲ್ಲವಾದರೆ ಇಷ್ಟು ಹಣ ಕಟ್ಟುತ್ತೇನೆ ಎಂದು ಬರೆಸಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. "ಅದೆಲ್ಲ ಬರಿಯ ಕಾಗದ, ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂದು ಧೈರ್ಯ ಹೇಳುವ ಬುದ್ಧಿವಂತರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಅವರ ಮಾತು ಕೇಳಿ ಸಹಿ ಹಾಕಬೇಡಿ. ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ೨ ಲಕ್ಷ ರೂಪಾಯಿ ಕೊಡಬೇಕೆಂದು ವಿಜಯಾ ಬ್ಯಾಂಕು ಬರೆಸಿಕೊಂಡಿದ್ದ ಷರತ್ತು ಸರಿಯೆಂದು ೨೦೨೫ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ ನಮ್ಮ ಹೈಕೋರ್ಟು ನೌಕರನ ಪರವಾಗಿ ಹೇಳಿದ್ದು ನಿಲ್ಲಲಿಲ್ಲ. ಎಲ್ಲ ಬಾಂಡುಗಳೂ ಹಾಗೆಯೇ ನಿಲ್ಲುತ್ತವೆಂದು ಇದರ ಅರ್ಥವಲ್ಲ. ಮೊತ್ತ ನ್ಯಾಯವಾದದ್ದೇ ಎಂದು ಕೋರ್ಟು ನೋಡುತ್ತದೆ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿ ಅದನ್ನು ತಿಳಿಯುವುದಕ್ಕಿಂತ ಮೊದಲೇ ಓದಿ ತಿಳಿಯುವುದು ಅಗ್ಗ.

ಬಾಂಡು ಇದ್ದ ಮಾತ್ರಕ್ಕೆ ಕೆಟ್ಟದ್ದೆಂದು ದೂರ ತಳ್ಳಲೂ ಬೇಕಾಗಿಲ್ಲ. ಎರಡೆಕರೆ ಮಾರುವುದು ಒಂದು ಕಡೆ, ನಾಲ್ಕೈದು ವರ್ಷ ಒಂದೇ ಕಂಪನಿಯಲ್ಲಿ ದುಡಿಯುವುದು ಇನ್ನೊಂದು ಕಡೆ ಇಟ್ಟು ತೂಗಿದರೆ, ನನ್ನ ಮಟ್ಟಿಗೆ ಎರಡನೆಯದೇ ಮೇಲು. ಮಾರಿದ ಹೊಲ ಹಿಂದಕ್ಕೆ ಬರುವುದಿಲ್ಲ. ಬಾಂಡಿನ ವರ್ಷ ಕಳೆದುಹೋಗುತ್ತದೆ. ಆದರೆ ಅದನ್ನು ತೂಗಬೇಕಾದವರು ಹುಡುಗ ಮತ್ತು ಮನೆಯವರು ಕೂಡಿ. ಹುಡುಗನಿಗೆ ಮನಸ್ಸಿಲ್ಲದಿದ್ದರೆ ಬಲವಂತ ಮಾಡಬಾರದು. ಬೆಳಗಿನಿಂದ ಸಂಜೆಯವರೆಗೆ ದುಡಿದು, ರಾತ್ರಿ ಓದಿ, ನಾಲ್ಕು ವರ್ಷ ತಾಳುವುದು ಅವನ ಮೈಮೇಲೆ ಬೀಳುವ ಹೊರೆ, ನಿಮ್ಮ ಮೈಮೇಲಲ್ಲ.

ಸಹಿಯ ದಿನ ಹುಡುಗನೊಬ್ಬನನ್ನೇ ಕಳುಹಿಸದೆ ಮನೆಯವರೊಬ್ಬರು ಜೊತೆಗೆ ಹೋಗಿ. ಕಾಯಿದೆಯ ಪ್ರಕಾರದ ಅಪ್ರೆಂಟಿಸ್ ಒಪ್ಪಂದಕ್ಕೆ, ಹುಡುಗನಿಗೆ ಹದಿನೆಂಟು ತುಂಬಿರದಿದ್ದರೆ, ಪೋಷಕರ ಸಹಿಯೇ ಬೇಕು. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಹಿಂದಿನ ದಿನವೇ ತರಿಸಿಕೊಂಡು, ಊರಿನ ಮೇಷ್ಟರಿಂದಲೋ ಪರಿಚಯದ ವಕೀಲರಿಂದಲೋ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು, ಫೀಸು ಕಂಪನಿ ಕಟ್ಟುವುದೋ ಸಂಬಳದಲ್ಲಿ ಹಿಡಿಯುವುದೋ, ಪಾಠದ ದಿನಕ್ಕೆ ಸಂಬಳ ಉಂಟೋ ಇಲ್ಲವೋ, ಒಂದು ವಿಷಯದಲ್ಲಿ ಫೇಲಾದರೆ ಏನಾಗುತ್ತದೆ, ಕಂಪನಿಯೇ ಕೆಲಸದಿಂದ ತೆಗೆದರೆ ಓದಿನ ಗತಿ ಏನು, ಆಗಲೂ ಬಾಂಡಿನ ಹಣ ಕೇಳುತ್ತಾರೋ ಎಂಬ ಪ್ರಶ್ನೆಗಳಿಗೆ ಕಾಗದದಲ್ಲಿಯೇ ಉತ್ತರ ಇರಬೇಕು, ಬಾಯಿಮಾತು ಸಾಲದು. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸು ತನ್ನಿ, ಅಲ್ಲಿ ಬಿಟ್ಟುಬರಬೇಡಿ. ಒಪ್ಪಂದದ ಒಂದು ಪ್ರತಿ ಪಹಣಿ, ಕಂದಾಯದ ರಸೀದಿಗಳ ಜೊತೆ ನಿಮ್ಮ ಪೆಟ್ಟಿಗೆಯಲ್ಲಿರಲಿ.